ಗಾಳಿ ನೇರ ಬಂದರೂ ಚೂಪು ಮೂತಿಯ ಮಾಡೆಲ್ ಪಕ್ಕಕ್ಕೆ ಎಳೆಯುವುದೇಕೆ?

ನಿಮ್ಮ ಪ್ರಶ್ನೆ ಓದಿ ನನ್ನ ಎಂ.ಟೆಕ್ ದಿನಗಳು ನೆನಪಾದವು. ಚೂಪು ಮೂತಿಯ ರಾಕೆಟ್ ಮಾಡೆಲನ್ನು ವಿಂಡ್ ಟನಲ್‌ನಲ್ಲಿ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಲ್ಲಿ) ಮೂತಿ 40 ಡಿಗ್ರಿ ಎತ್ತಿ ಕೂರಿಸಿದ್ದೀರಿ. ಸೈಡ್‌ಸ್ಲಿಪ್ ಸೊನ್ನೆ, ಅಂದರೆ ಗಾಳಿ ಪಕ್ಕದಿಂದ ಓರೆಯಾಗಿ ಬರುತ್ತಿಲ್ಲ. ಆದರೂ ಪಕ್ಕದ ಬಲ ಬರುತ್ತಿದೆ. ಬಲ ಅಳೆಯುವ ಬ್ಯಾಲೆನ್ಸ್ ಕೆಟ್ಟಿದೆಯಾ, ಇಲ್ಲದಿದ್ದರೆ ಇದನ್ನು ಇಳಿಸೋದು ಹೇಗೆ ಅಂತ ಕೇಳಿದ್ದೀರಿ.

ಬ್ಯಾಲೆನ್ಸ್ ಬಹುಶಃ ಸರಿಯಾಗೇ ಇದೆ. ಪಾಪ, ನಾನೂ ಮೂರು ದಿನ ಅದನ್ನೇ ಬೈದಿದ್ದೆ.

ಮೊದಲು ಒಂದು ಪರೀಕ್ಷೆ ಮಾಡಿ. ಬ್ಯಾಲೆನ್ಸ್ ಹಾಗೇ ಇರಲಿ, ಸ್ಕ್ರೂ ಸಡಿಲಿಸಿ ಮಾಡೆಲನ್ನು ಮಾತ್ರ ಅದರ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ. ದೋಷ ಬ್ಯಾಲೆನ್ಸ್‌ನದಾದರೆ ರೀಡಿಂಗ್ ಅಷ್ಟೇ ಇರುತ್ತದೆ. ನನ್ನ ಮಾಡೆಲ್‌ನಲ್ಲಿ ಬಲಕ್ಕಿದ್ದ ಬಲ ಎಡಕ್ಕೆ ಹೋಯಿತು! ಭೂತಗನ್ನಡಿಯಲ್ಲಿ ನೋಡಿದರೆ ತುದಿ ಕೂದಲೆಳೆಯಷ್ಟು ಬಾಗಿತ್ತು. ಯಾವಾಗಲೋ ಮೇಜಿನ ಮೇಲೆ ಬಿದ್ದಿರಬೇಕು. ಲೇತ್‌ಗೆ ಹಾಕಿಸಿ ಸೂಜಿಯಂತೆ ಚೂಪು ಮಾಡಿಸಿದೆ. ಬಲ ಹೋಗಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ.

ಕಾರಣ ಇಷ್ಟು. ಮೂತಿ ಎತ್ತಿದಾಗ ಗಾಳಿ ಎರಡೂ ಪಕ್ಕದಿಂದ ಮೇಲೆ ಸುತ್ತಿಕೊಂಡು ಬಂದು, ಬೆನ್ನಿನ ಮೇಲೆ ಎರಡು ಸುಳಿಗಳಾಗುತ್ತದೆ. ಕೋನ ಕಡಿಮೆ ಇದ್ದಾಗ ಅವು ಜೋಡಿ ಎತ್ತುಗಳ ಹಾಗೆ ಸಮನಾಗಿ ಹೋಗುತ್ತವೆ. ಕೋನ ಜಾಸ್ತಿಯಾದರೆ ಜಾಗ ಸಾಲದು. ಒಂದು ಸುಳಿ ಮೈಗೆ ಅಂಟಿಕೊಂಡು ಇನ್ನೊಂದು ಮೇಲೆದ್ದು ಹೋಗುತ್ತದೆ. ಆಗ ಎರಡು ಪಕ್ಕದ ಒತ್ತಡ ಬೇರೆಬೇರೆ. ಯಾವುದು ಮೇಲೇಳಬೇಕು ಅಂತ ತೀರ್ಮಾನಿಸುವುದು ತುದಿಯಲ್ಲಿರುವ, ಕಣ್ಣಿಗೂ ಕಾಣದ ಒಂದು ಗೀರು. ಮೂತಿ ತುದಿಯ ಪೂರ್ತಿ ಕೋನ ಎಷ್ಟೋ, ಸುಮಾರಾಗಿ ಅಷ್ಟು ಡಿಗ್ರಿ ದಾಟಿ ಮೂತಿ ಎತ್ತಿದ ಮೇಲೆ ಈ ಕಾಟ ಶುರು. 20 ಡಿಗ್ರಿ ಕೋನದ ಮೂತಿಗೆ 20ರ ಆಸುಪಾಸು. ನಿಮ್ಮ 40 ಡಿಗ್ರಿ ಅಂದರೆ ಸರಿಯಾಗಿ ಅದರ ಮಧ್ಯೆಯೇ ಇದ್ದೀರಿ.

ಹಾಗಾಗಿ ತುದಿಯನ್ನು ಇನ್ನಷ್ಟು ನಯ ಮಾಡುತ್ತಾ ಕೂರಬೇಡಿ. ಅದು ಮುಗಿಯದ ಕೆಲಸ. ಸುಳಿ ಎಲ್ಲಿಂದ ಏಳಬೇಕು ಅನ್ನೋದನ್ನು ನೀವೇ ಗೊತ್ತು ಮಾಡಿ. ತುದಿಯ ಹತ್ತಿರದಿಂದಲೇ ಶುರುವಾಗುವಂತೆ ಎರಡೂ ಪಕ್ಕಕ್ಕೆ ಕಿರಿದಾದ ಪಟ್ಟಿ, ಅಂದರೆ ಸ್ಟ್ರೇಕ್, ಅಂಟಿಸಿ. ಗಾಳಿ ಆ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ, ಗೀರಿನ ಮಾತು ನಡೆಯುವುದಿಲ್ಲ.

ಅಮೆರಿಕ ಮತ್ತು ಜರ್ಮನಿ ಸೇರಿ ಮಾಡಿದ ಎಕ್ಸ್-31 ವಿಮಾನಕ್ಕೂ ಇದೇ ರೋಗ ಬಂದಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ, ಮೂತಿ ಬಹಳ ಎತ್ತಿದಾಗ ಅದು ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತು. ಕೊನೆಗೆ ಮೂತಿಯ ತುದಿ ಸ್ವಲ್ಪ ಮೊಂಡು ಮಾಡಿ, 20 ಇಂಚು ಉದ್ದ, ಕೇವಲ 0.6 ಇಂಚು ಅಗಲದ ಸ್ಟ್ರೇಕ್ ಹಾಕಿದರು. ಇಡೀ ವಿಮಾನಕ್ಕೆ ಒಂದು ಬೆರಳಗಲದ ಪಟ್ಟಿ ನೋಡಿ! ಮೂತಿಯ ಪಕ್ಕಕ್ಕೆ ಉದ್ದಕ್ಕೂ ಅಂಟಿಸಿದ ಮರಳುಕಾಗದದಂಥ ಒರಟು ಪಟ್ಟಿ ಮಾತ್ರ ಉಲ್ಟಾ ಹೊಡೆಯಿತು, ತೊಂದರೆ ಹೆಚ್ಚಿತು. ಯಾರಾದರೂ ನಿಮಗೆ ಸುಮ್ನೆ ಅದನ್ನು ಅಂಟಿಸಿ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ.

ತುದಿ ಮೊಂಡು ಮಾಡುವುದು ಇನ್ನೂ ಸುಲಭ. ಆದರೆ ಅದು ಕಾಟ ಶುರುವಾಗುವ ಕೋನವನ್ನು ಮುಂದೂಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ನಾಸಾದವರು ಎಫ್-18ರ ಮೂತಿಗೆ ತೆರೆದು ಮುಚ್ಚುವ ಸ್ಟ್ರೇಕ್ ಹಾಕಿ, ಇದೇ ಸುಳಿಗಳಿಂದ ವಿಮಾನ ತಿರುಗಿಸುವ ಕೆಲಸ ಮಾಡಿಸಿಕೊಂಡರು. ಕಾಲೇಜು ಪ್ರಾಜೆಕ್ಟಿಗೆ ಅದು ಬೇಡ, ಅಲ್ವಾ?

ನಾನು ಮಾಡಿದ್ದು ಇಷ್ಟೇ. ತೆಳು ಹಿತ್ತಾಳೆ ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ ಅರಲ್ಡೈಟ್‌ನಲ್ಲಿ ಅಂಟಿಸಿದೆ. ಮೊದಲ ಸಲ ಒಂದು ಪಟ್ಟಿ ಅರ್ಧ ಮಿಲಿಮೀಟರ್ ಮೇಲೆ ಕೂತಿತ್ತು, ಬಲ ಹಾಗೇ ಬಂತು. ಕಿತ್ತು ಸರಿಯಾಗಿ ಗುರುತು ಹಾಕಿ ಅಂಟಿಸಿದ ಮೇಲೆ ಬಹುಪಾಲು ಇಳಿಯಿತು. ಒಂದು ವಿಷಯ: ಸ್ಟ್ರೇಕ್ ಹಾಕಿದರೆ ಮೂತಿ ಮೇಲೆತ್ತುವ ಪಿಚಿಂಗ್ ಮೊಮೆಂಟ್ ಕೂಡ ಬದಲಾಗುತ್ತದೆ. ಹಳೆಯ ರೀಡಿಂಗ್ ಜೊತೆ ಹೋಲಿಸುವ ಮುಂಚೆ ಅದನ್ನೂ ಮತ್ತೆ ಅಳೆದುಕೊಳ್ಳಿ.