ಸಂಪಾದಕರ ಉತ್ತರ: ಚಿಂಪಾಂಜಿ ಯಾಕೆ ಇನ್ನೂ ಮನುಷ್ಯ ಆಗಿಲ್ಲ?

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದಿರಿ. ಚಿಂಪಾಂಜಿಯ ಮುಂದೆ ನಿಂತ ಹುಡುಗ, ‘ತಾತ, ಇದು ಯಾಕೆ ಇನ್ನೂ ಮನುಷ್ಯ ಆಗಿಲ್ಲ?’ ಎಂದ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಾದರೂ ನಿಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆನೆಗೆ ನಮಗಿಂತ ದೊಡ್ಡ ಮಿದುಳಿದೆ, ಇರುವೆಗೂ ಊರು-ಕೇರಿ ಇದೆ, ಹಾಗಿದ್ದೂ ಮನುಷ್ಯನೊಬ್ಬನಿಗೇ ಇಷ್ಟು ಬುದ್ಧಿ, ಇಷ್ಟು ದೊಡ್ಡ ಸಮಾಜ ಬಂದದ್ದು ಹೇಗೆ, ವಿಕಾಸವಾದದಲ್ಲಿ ಎಲ್ಲೋ ತೂತು ಇರಬೇಕಲ್ಲವೆ ಎಂದು ಕೇಳಿದ್ದೀರಿ.

ಮೊದಲು ಹುಡುಗನ ಪ್ರಶ್ನೆ. ಚಿಂಪಾಂಜಿ ನಮ್ಮ ಮುತ್ತಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಮನೆ ಪಾಲಾಯಿತು, ಅವರ ದಾರಿ ಅವರಿಗೆ, ನಮ್ಮದು ನಮಗೆ. ಚಿಕ್ಕಪ್ಪನ ಮಗ ಇನ್ನೂ ಯಾಕೆ ನಾನಾಗಿಲ್ಲ ಎಂದು ಯಾರೂ ಕೇಳುವುದಿಲ್ಲವಲ್ಲ.

ಇನ್ನು ‘ಮನುಷ್ಯನೊಬ್ಬನೇ’ ಎಂಬ ಮಾತು. ಒಂದು ಲಕ್ಷ ವರ್ಷದ ಹಿಂದೆ ಈ ಪತ್ರ ಬಂದಿದ್ದರೆ ಹಾಗೆ ಬರೆಯಲು ಬರುತ್ತಿರಲಿಲ್ಲ. ಆಗ ನಮ್ಮದಲ್ಲದ ಬೇರೆ ಮನುಷ್ಯ ಬಳಗಗಳೂ ಇದ್ದವು. ಯುರೋಪಿನಲ್ಲಿ ನಿಯಾಂಡರ್ತಾಲರಿದ್ದರು, ಏಷ್ಯಾದಲ್ಲಿ ಡೆನಿಸೋವನ್ನರಿದ್ದರು, ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿಯ ಕುಳ್ಳರಿದ್ದರು. ಈ ಕುಳ್ಳರ ಮೂಳೆ 2003ರಲ್ಲಿ ಸಿಕ್ಕಿತು. ಮಿದುಳು ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ, ಆದರೂ ಕಲ್ಲಿನ ಹತ್ಯಾರ ಬಳಸುತ್ತಿದ್ದರು. ನಿಯಾಂಡರ್ತಾಲರ ಮಿದುಳಂತೂ ನಮ್ಮದಕ್ಕಿಂತ ಚಿಕ್ಕದಲ್ಲ. ಸುಮಾರು 40,000 ವರ್ಷದ ಹಿಂದೆ ಅವರು ಇಲ್ಲವಾದರು. ಪೂರ್ತಿ ಅಲ್ಲ ಅನ್ನಿ, ಆಫ್ರಿಕದ ಹೊರಗಿನ ಜನರ ಡಿಎನ್‌ಎಯಲ್ಲಿ ಶೇ. 1ರಿಂದ 2ರಷ್ಟು ಅವರದೇ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ.

ಆನೆಯ ಲೆಕ್ಕ ಸ್ವಾರಸ್ಯದ್ದು. ಎಣಿಸಿ ನೋಡಿದ ಒಂದು ಆಫ್ರಿಕದ ಆನೆಯ ಮಿದುಳಿನಲ್ಲಿ ಸುಮಾರು 25,700 ಕೋಟಿ ನರಕೋಶಗಳಿದ್ದವು. ನಮಗಿರುವುದು 8,600 ಕೋಟಿ. ಆದರೆ ಆನೆಯವು ನೂರಕ್ಕೆ 97ರಷ್ಟು ಹಿಮ್ಮಿದುಳಿನಲ್ಲೇ ಇದ್ದವು. ಆ ಭಾಗಕ್ಕೆ ಮೈಕೈ ಆಡಿಸುವ ಕೆಲಸವೇ ಹೆಚ್ಚು, ಆನೆಗೆ ಸೊಂಡಿಲನ್ನು ನಿಭಾಯಿಸುವುದೂ ಅಲ್ಲಿಂದಲೇ ಇರಬೇಕು. ಯೋಚನೆಗೆ ಬೇಕಾದ ಮೇಲ್ಪದರದಲ್ಲಿ ಆನೆಗೆ 560 ಕೋಟಿ, ನಮಗೆ 1,600 ಕೋಟಿ. ಈ ವೈಭವ ಬಿಟ್ಟಿ ಬಂದದ್ದಲ್ಲ. ಮೈತೂಕದಲ್ಲಿ ಶೇ. 2ರಷ್ಟಿರುವ ಮಿದುಳು ಸುಮ್ಮನೆ ಕೂತಾಗಲೂ ಉಂಡದ್ದರಲ್ಲಿ ಶೇ. 20ರಷ್ಟನ್ನು ನುಂಗುತ್ತದೆ. ನಿಜವಾದ ಬಿಳಿಯಾನೆ ನಮ್ಮ ತಲೆಯೊಳಗೇ ಇದೆ. ಗೆಡ್ಡೆ, ಮಾಂಸ, ಬೆಂಕಿಯಲ್ಲಿ ಬೆಂದ ಊಟ ಇವೆಲ್ಲ ಕೂಡಿಬಂದದ್ದರಿಂದ ಅದನ್ನು ಸಾಕಲು ಸಾಧ್ಯವಾಯಿತು. ಹಾಗೆ ಕೂಡಿಬರದ ಪ್ರಾಣಿಗೆ ಸಣ್ಣ ಮಿದುಳೇ ಲಾಭ.

ಆದರೆ ಮಿದುಳು ಬಂದ ಕೂಡಲೇ ಊರು ಎದ್ದಿತೇ? ಇಲ್ಲ. ಇದಕ್ಕೆ ಸಾಕ್ಷಿ ನಮ್ಮ ಯಾದಗಿರಿ ಜಿಲ್ಲೆಯಲ್ಲೇ ಇದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ತಂಡ ಅಗೆದು ತೋರಿಸಿದ, ಸುಣ್ಣಕಲ್ಲಿನಲ್ಲಿ ಹತ್ಯಾರ ಮಾಡುತ್ತಿದ್ದ ಕಾರ್ಖಾನೆಗೆ ಸುಮಾರು 12 ಲಕ್ಷ ವರ್ಷ ವಯಸ್ಸು. ಆ ಕಡೆ ಹೋಗಿದ್ದಾಗ ಕೈಗೊಡಲಿಯೊಂದನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಅಂಗೈ ತುಂಬುವಷ್ಟು ದಪ್ಪ, ತುದಿ ಚೂಪು, ಎರಡೂ ಮಗ್ಗುಲಲ್ಲಿ ಚಕ್ಕೆ ಎಬ್ಬಿಸಿದ ಗುರುತು. ಹೆಬ್ಬೆರಳು ತಾನಾಗಿಯೇ ಒಂದು ತಗ್ಗಿಗೆ ಹೋಗಿ ಕೂರುತ್ತದೆ, ಮೈ ಜುಮ್ಮೆನ್ನುತ್ತದೆ. ಆಮೇಲೆ ಇನ್ನೊಂದು ಸಂಗತಿ ನೆನಪಾಗುತ್ತದೆ. ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ, ಆಫ್ರಿಕದಿಂದ ಇಲ್ಲಿಯವರೆಗೆ, ಅದರ ಆಕಾರ ಹೆಚ್ಚೇನೂ ಬದಲಾಗಲಿಲ್ಲ. ಅದೇ ಬಳ್ಳಾರಿಯ ಸಂಗನಕಲ್ಲಿಗೆ ಬನ್ನಿ. ಮೂರು-ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿನವರು ದನ ಸಾಕಿಕೊಂಡು, ಕರಿಕಲ್ಲನ್ನು ಉಜ್ಜಿ ಉಜ್ಜಿ ನುಣುಪಾದ ಕೊಡಲಿಗಳನ್ನು ತಮ್ಮ ಬಳಕೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಮಾಡುತ್ತಿದ್ದರು. ಅಲ್ಲಿಂದ ನಮ್ಮ ಮೊಬೈಲಿಗೆ ದಾರಿ ಎಷ್ಟು ಗಿಡ್ಡ ನೋಡಿ.

ಈ ವೇಗಕ್ಕೆ ಕಾರಣ ನಾವು ನಕಲು ಮಾಡುವ ರೀತಿ ಎಂದು ನನಗೆ ಅನ್ನಿಸುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಒಂದು ಡಬ್ಬಿ, ಒಳಗೆ ತಿಂಡಿ. ತೋರಿಸುವವರು ಮೊದಲು ಮೇಲಿನ ತೂತಿಗೆ ಕಡ್ಡಿ ತುರುಕುತ್ತಾರೆ, ಆಮೇಲೆ ಮುಂದಿನ ಬಾಗಿಲು ತೆಗೆದು ತಿಂಡಿ ಎತ್ತುತ್ತಾರೆ. ಡಬ್ಬಿ ಪಾರದರ್ಶಕವಾಗಿದ್ದಾಗ ಕಡ್ಡಿ ತುರುಕುವುದರಿಂದ ಏನೂ ಆಗುವುದಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಉಗಾಂಡದ ಎಳೆಯ ಚಿಂಪಾಂಜಿಗಳು ಆ ದಂಡದ ಕೆಲಸ ಬಿಟ್ಟು ನೇರವಾಗಿ ಬಾಗಿಲಿಗೆ ಕೈ ಹಾಕಿದವು. ಮೂರು-ನಾಲ್ಕು ವರ್ಷದ ನಮ್ಮ ಮಕ್ಕಳು? ಕಡ್ಡಿಯನ್ನೂ ಶ್ರದ್ಧೆಯಿಂದ ತುರುಕಿದರು.

ಅಂದರೆ ಪೆದ್ದುತನದಲ್ಲಿ ಗೆದ್ದವರು ನಾವು. ನಮ್ಮಮ್ಮ ಉಪ್ಪಿನಕಾಯಿ ಹಾಕುವ ಮುನ್ನ ಜಾಡಿಯನ್ನು ಬಿಸಿಲಲ್ಲಿ ಒಣಗಿಸಿ, ಕೆಂಡದ ಮೇಲೆ ಇಂಗು ಉದುರಿಸಿ, ಆ ಹೊಗೆಯ ಮೇಲೆ ಬೋರಲು ಹಾಕುತ್ತಿದ್ದರು. ಯಾಕಮ್ಮ ಎಂದರೆ, ‘ನಮ್ಮತ್ತೆ ಹೀಗೇ ಮಾಡ್ತಿದ್ರು.’ ಅಷ್ಟೇ. ಬೂಷ್ಟು ಯಾಕೆ ಬರುತ್ತದೆಂದು ಅತ್ತೆಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ. ಆದರೂ ಉಪ್ಪಿನಕಾಯಿ ವರ್ಷವಿಡೀ ಕೆಡುತ್ತಿರಲಿಲ್ಲ. ತನಗೆ ಅರ್ಥವಾದದ್ದನ್ನು ಮಾತ್ರ ಉಳಿಸಿಕೊಳ್ಳುವ ಪ್ರಾಣಿಗೆ ಇಂಥ ಜಾಡಿ ದಕ್ಕುವುದಿಲ್ಲ. ಪಶ್ಚಿಮ ಆಫ್ರಿಕದ ‘ತಾಯ್’ ಎಂಬ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಕಾಯಿ ಜಜ್ಜಿದ 4,300 ವರ್ಷ ಹಳೆಯ ಕಲ್ಲುಗಳು ಸಿಕ್ಕಿವೆ. ಇವತ್ತಿಗೂ ಅಲ್ಲಿ ಕಲ್ಲಿನಿಂದಲೇ ಜಜ್ಜುತ್ತಿವೆ. ಕಲಿಕೆ ಅವುಗಳಲ್ಲೂ ಇದೆ, ತಾಯಿಯಿಂದ ಮರಿಗೆ ದಾಟುತ್ತದೆ. ಆದರೆ ಕಲಿತದ್ದರ ಮೇಲೆ ಇನ್ನೊಂದು ವರಸೆ ಕಟ್ಟುವುದು ಅಪರೂಪ.

ಸಮಾಜದ ಮಾತಿಗೆ ಬಂದರೆ, ಬೇಸಾಯ ಕೂಡ ನಮ್ಮದೇ ಸೊತ್ತಲ್ಲ. ಮೊದಲ ಮಳೆಗೆ ಮಲೆನಾಡಿನಲ್ಲಿ ಹುತ್ತದಿಂದ ಅಣಬೆ ಏಳುತ್ತದಲ್ಲ, ಅದು ಗೆದ್ದಲಿನ ಬೆಳೆ. ಗೆದ್ದಲು ಈ ಬೇಸಾಯಕ್ಕೆ ಇಳಿದು ಸುಮಾರು 3 ಕೋಟಿ ವರ್ಷವಾಯಿತು, ನಾವು ಇಳಿದು 12,000 ವರ್ಷವೂ ಆಗಿಲ್ಲ. ಆದರೆ ಒಂದು ಹುತ್ತದಲ್ಲಿರುವುದೆಲ್ಲ ಸಾಮಾನ್ಯವಾಗಿ ಒಂದೇ ತಾಯಿಯ ಮಕ್ಕಳು. ಗುರುತಿಲ್ಲದವನ ಅಂಗಡಿಯಲ್ಲಿ ಚೀಟಿ ಬರೆಸಿ ಸಾಲ ತರುವುದು ಗೆದ್ದಲಿಗೆ ಆಗದು. ಅದಕ್ಕೆ ಮಾತು ಬೇಕು, ಹೆಸರು ಬೇಕು, ಮಾನ ಹೋಗುವ ಭಯವೂ ಬೇಕು. ನಮ್ಮ ಜಾತಿಯ ಪ್ರಾಣಿ ಹುಟ್ಟಿ ಸುಮಾರು 3 ಲಕ್ಷ ವರ್ಷವಾಯಿತು. ಅದರಲ್ಲಿ ಬಹುಪಾಲು ಕಾಲ ಪಟ್ಟಣವೂ ಇರಲಿಲ್ಲ, ರಾಜನೂ ಇರಲಿಲ್ಲ.

ಈಗ ನಿಮ್ಮ ‘ತೂತು’. ದಾಂಡೇಲಿಯ ಮಂಗಟ್ಟೆ ಹಕ್ಕಿಯನ್ನು ನೋಡಿದ್ದೀರಾ? ಹೆಣ್ಣು ಮರದ ಪೊಟರೆಗೆ ಹೋಗಿ ಪೊಟರೆಯ ಬಾಯನ್ನು ತಾನೇ ಮೆತ್ತಿ ಮುಚ್ಚಿಕೊಂಡು ಒಳಗೆ ಬಂದಿಯಾಗಿ ಮರಿ ಮಾಡುತ್ತದೆ, ಗಂಡು ಸಣ್ಣ ಸೀಳಿನಿಂದ ಹಣ್ಣು ಕೊಡುತ್ತದೆ. ಹಕ್ಕಿಗಳಲ್ಲಿ ಈ ವಿದ್ಯೆ ಆ ಬಳಗಕ್ಕೆ ಮಾತ್ರ. ಉಳಿದ ಹಕ್ಕಿಗಳಿಗೆ ಯಾಕಿಲ್ಲ ಎಂದು ವಿಕಾಸವಾದವನ್ನು ಯಾರೂ ಕಟಕಟೆಗೆ ಎಳೆಯುವುದಿಲ್ಲ. ಬುದ್ಧಿ ನಮ್ಮದಾದ್ದರಿಂದ ಅದು ಎಲ್ಲರಿಗೂ ಬರಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಮೊಮ್ಮಗನಿಗೆ ಇಷ್ಟವಾದರೆ ಮುಂದಿನ ರಜೆಗೆ ಹುಣಸಗಿ ಕಡೆ ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಬೇಡ, ಅಲ್ಲಿಯ ಬಿಸಿಲು ನಿಮ್ಮ ವಯಸ್ಸಿಗೂ ಅವನ ವಯಸ್ಸಿಗೂ ಆಗುವುದಿಲ್ಲ. ಹೊಲದ ಬದುವಿನಲ್ಲಿ ಚಕ್ಕೆ ಎದ್ದ ಕಲ್ಲು ಕಂಡರೆ ಎತ್ತಿ ಹಿಡಿದು ನೋಡಲಿ. ಜೇಬಿಗೆ ಹಾಕಿಕೊಳ್ಳುವುದು ಬೇಡ, ಇದ್ದಲ್ಲೇ ಇಡಿಸಿ.