ಗಂಟುವಾತದ ಮಾತ್ರೆಯಿಂದ ಚರ್ಮ ತೆಳುವಾಗಿದೆ, ಮಾತ್ರೆ ಬಿಡಿಸಲೇ?

ಆರು ವರ್ಷದಿಂದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿರುವ ಅಮ್ಮನ ಮುಂಗೈಯಲ್ಲಿ ನೇರಳೆ ಕಲೆ, ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ. ಮಾತ್ರೆ ಬಿಡಿಸಿ ಎಣ್ಣೆ ಹಚ್ಚಲೇ ಎಂದು ಕೇಳಿದ್ದೀರಿ. ಬಿಡಿಸಬೇಡಿ. ನನ್ನದೂ ಅದೇ ಕೈ, ಎಂಟು ವರ್ಷದ ಮಾತ್ರೆ.

ನನ್ನನ್ನು ಹೆಚ್ಚು ಗೋಳಾಡಿಸಿದ್ದು ಒಂದು ಪ್ಲಾಸ್ಟರ್. ಬದಿಯಡ್ಕದ ಹತ್ತಿರ ನಮ್ಮ ತೋಟದಲ್ಲಿ ಅಡಿಕೆ ಸೋಗೆ ಎಳೆಯುವಾಗ ಮೊಣಕೈಯ ಕೆಳಗೆ ತರಚಿತು. ಅಂಟುವ ಪ್ಲಾಸ್ಟರ್ ಹಾಕಿ ಮರುದಿನ ಸರ್ರನೆ ಎಳೆದೆ. ಎರಡಿಂಚು ಚರ್ಮವೂ ಜೊತೆಗೇ ಬಂತು. ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಸ್ಟೀರಾಯ್ಡ್ ಒಳಚರ್ಮದಲ್ಲಿ ಹೊಸ ಕೊಲಾಜನ್, ಅಂದರೆ ಚರ್ಮಕ್ಕೆ ಬಲ ಕೊಡುವ ನಾರು ಹುಟ್ಟುವುದನ್ನು ತಗ್ಗಿಸುತ್ತದೆ. ನಾರು ಕಡಿಮೆಯಾದರೆ ಸಣ್ಣ ರಕ್ತನಾಳಗಳಿಗೆ ಒತ್ತಾಸೆಯಿಲ್ಲ, ತುಸು ತಾಗಿದರೂ ಒಡೆದು ನೇರಳೆ ಕಲೆ. ಚರ್ಮದ ಪದರಗಳ ಹಿಡಿತವೂ ಸಡಿಲ. ಪ್ಲಾಸ್ಟರಿನ ಅಂಟು ಆ ಹಿಡಿತಕ್ಕಿಂತ ಗಟ್ಟಿ. ಎಳೆದ ರೀತಿಯಲ್ಲ, ಹಾಕಿದ್ದೇ ತಪ್ಪು.

ಹರಿದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ನೇತಾಡುವ ಚರ್ಮ ಕತ್ತರಿಸಬೇಡಿ, ಗಾಯಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆಯಿಲ್ಲ. ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲನೆ ಮೊದಲಿದ್ದ ಜಾಗಕ್ಕೆ ಹಾಸಿ. ಮೇಲೆ ಮೆಡಿಕಲ್ ಶಾಪಿನ ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದಂತೆ ಜಿಡ್ಡು ಸವರಿದ ಜಾಳು ಬಟ್ಟೆ), ಅದರ ಮೇಲೆ ಬ್ಯಾಂಡೇಜ್ ಬಟ್ಟೆ. ಟೇಪ್ ಬಟ್ಟೆಗೆ ಮಾತ್ರ, ಚರ್ಮಕ್ಕೆ ತಾಗಬಾರದು. ಬ್ಯಾಂಡೇಜಿನ ಮೇಲೆ ಪೆನ್ನಿನಲ್ಲಿ ಒಂದು ಬಾಣ ಬರೆದಿಡಿ: ಚರ್ಮ ಇನ್ನೂ ಹಿಡಿದುಕೊಂಡಿರುವ ಬದಿಯಿಂದ ಬಿಟ್ಟ ಅಂಚಿನ ಕಡೆಗೆ. ಬಿಚ್ಚುವಾಗ ಅದೇ ದಿಕ್ಕು, ಇಲ್ಲದಿದ್ದರೆ ಕೂಡಿದ ಚರ್ಮ ಮತ್ತೆ ಏಳುತ್ತದೆ. ದಿನಾ ಬಿಚ್ಚಿ ನೋಡಬೇಡಿ. ಟಿಟಿ ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಸ್ಟೀರಾಯ್ಡ್ ತಿನ್ನುವವರಿಗೆ ಕೀವಾದರೂ ಜ್ವರ ಬಾರದೆ ಇರಬಹುದು, ಹಾಗಾಗಿ ಕೀವು ಕಂಡರೆ ಜ್ವರಕ್ಕೆ ಕಾಯದೆ ಡಾಕ್ಟರಿಗೆ ತೋರಿಸಿ.

ತೆಂಗಿನೆಣ್ಣೆ ಸ್ನಾನದ ನಂತರ ಹಚ್ಚಿ, ಚರ್ಮ ಒಣಗಿ ಬಿರಿಯುವುದು ತಪ್ಪುತ್ತದೆ. ಕೊಲಾಜನ್ ಅದರಿಂದ ಬೆಳೆಯುವುದಿಲ್ಲ. ತೋಟಕ್ಕಿಳಿಯುವಾಗ ಉದ್ದ ತೋಳಿನ ಅಂಗಿ ಇರಲಿ.

ಇನ್ನು ಮಾತ್ರೆ ಏಕೆ ಬಿಡಿಸಬಾರದು: ಇಷ್ಟು ವರ್ಷ ತಿಂದ ಮೇಲೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸೋಲ್ (ದೇಹದ ಸ್ವಂತ ಸ್ಟೀರಾಯ್ಡ್) ತಯಾರಿಯನ್ನು ಇಳಿಸಿರುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ಬಿಪಿ ಕುಸಿತ, ಜೀವಕ್ಕೇ ಅಪಾಯ. 'ನಿಲ್ಲಿಸಲೇ' ಅಂತಲ್ಲ, '1 ಮಿ.ಗ್ರಾಂ. ಲೆಕ್ಕದಲ್ಲಿ ಇಳಿಸಬಹುದೇ, ಬೇರೆ ಮಾತ್ರೆಯಲ್ಲಿ ಗಂಟು ಹಿಡಿತಕ್ಕೆ ಬಂದೀತೇ' ಅಂತ ಡಾಕ್ಟರಲ್ಲಿ ಕೇಳಿ.

ಅಮ್ಮ ವಾರಕ್ಕೊಮ್ಮೆ ಗಂಟುವಾತದ ಇನ್ನೊಂದು ಮಾತ್ರೆ ಮೆಥೊಟ್ರೆಕ್ಸೇಟನ್ನೂ ತಿನ್ನುತ್ತಿದ್ದಾರೆಯೇ? ಕಲೆಯ ಜೊತೆ ಬಾಯಿಹುಣ್ಣೂ ಬಂದರೆ ಅದರಿಂದ ರಕ್ತಕಣಗಳ ಸಂಖ್ಯೆ ಕುಸಿದಿರಬಹುದು. ಅಂದೇ ರಕ್ತ ಪರೀಕ್ಷೆ ಮಾಡಿಸಿ.