ಡಿಸ್ಕ್ ಬ್ರೇಕ್: ಪಿಸ್ಟನ್ ಎಣಿಸುವ ಮೊದಲು

ಪ್ರಶ್ನೆ: ನನ್ನ ಮೌಂಟನ್ ಬೈಕಿಗೆ ಈಗಿರುವುದು ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಉದ್ದನೆಯ ಇಳಿಜಾರುಗಳಲ್ಲಿ ಲಿವರ್ ಹಿಡಿದು ಹಿಡಿದು ಬೆರಳುಗಳು ಸೋತುಹೋಗುವುದರಿಂದ ಹೈಡ್ರಾಲಿಕ್ ಬ್ರೇಕ್ ಹಾಕಿಸಬೇಕೆಂದಿದ್ದೇನೆ. ನಾಲ್ಕು ಪಿಸ್ಟನ್ ಇದ್ದರೆ ಮಾತ್ರ ನಂಬಬಹುದು ಎಂದು ಕೆಲವರು, ಎರಡೇ ಸಾಕು ಎಂದು ಕೆಲವರು ಹೇಳುತ್ತಾರೆ. ಬೆನ್ನಚೀಲ ಸೇರಿ ನನ್ನ ತೂಕ 95 ಕೆ.ಜಿ. ಯಾವುದನ್ನು ಆರಿಸಲಿ?

ಉತ್ತರ: ನೀವು ಬರೆದಿರುವುದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಉದ್ದನೆಯ ಇಳಿಜಾರು ಮತ್ತು 95 ಕೆ.ಜಿ. ಎಂಬ ಎರಡು ವಿವರಗಳು. ಪಿಸ್ಟನ್‌ಗಳ ಲೆಕ್ಕ ಆಮೇಲಿನ ಮಾತು. ಬೈಕಿನ ತೂಕ 15 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 110 ಕೆ.ಜಿ. ಆಯಿತು. ಅಷ್ಟು ಭಾರ 300 ಮೀಟರ್ ಎತ್ತರದಿಂದ ವೇಗ ಹೆಚ್ಚಿಸಿಕೊಳ್ಳದೆ ಕೆಳಗಿಳಿಯಬೇಕಾದರೆ ಸುಮಾರು 320 ಕಿಲೋಜೌಲ್ ಶಕ್ತಿ ಬೇರೆಲ್ಲಾದರೂ ಹೋಗಬೇಕು. ಅದು ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವ ಶಾಖ. ಗಾಳಿಯ ಮತ್ತು ನೆಲದ ತಡೆ ಅದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ, ಉಳಿದದ್ದೆಲ್ಲ ಚಕ್ರಗಳ ಜೊತೆ ತಿರುಗುವ ಎರಡು ತೆಳ್ಳನೆಯ ಉಕ್ಕಿನ ತಟ್ಟೆಗಳ, ಅಂದರೆ ರೋಟರ್‌ಗಳ, ಪಾಲಿಗೆ ಬರುತ್ತದೆ. ಶಾಖ ಮಿತಿ ಮೀರಿದಾಗ ರೋಟರನ್ನು ಉಜ್ಜಿ ತಡೆಯುವ ಪ್ಯಾಡ್‌ಗಳ ಹಿಡಿತ ಸಡಿಲವಾಗುತ್ತದೆ; ಆ ಪ್ಯಾಡ್‌ಗಳನ್ನೂ ಅವನ್ನು ಒತ್ತುವ ಪಿಸ್ಟನ್‌ಗಳನ್ನೂ ಹೊತ್ತ ಕ್ಯಾಲಿಪರ್ ಒಳಗಿನ ದ್ರವವೇ ಕುದಿದರೆ ಆವಿಯ ಗುಳ್ಳೆಗಳು ಹುಟ್ಟಿ, ಲಿವರ್ ಪ್ರತಿರೋಧವಿಲ್ಲದೆ ಹ್ಯಾಂಡಲ್‌ಗೆ ಬಂದು ತಾಗುತ್ತದೆ. ಹೀಗಾಗಿ ನಿಮ್ಮ ಮಟ್ಟಿಗೆ ನಂಬಿಕೆಯ ಬ್ರೇಕ್ ಎಂದರೆ ಇಳಿಜಾರಿನ ಕೊನೆಯ ತಿರುವಿನಲ್ಲಿಯೂ ಮೊದಲನೆಯದರಲ್ಲಿದ್ದ ಜಾಗದಲ್ಲೇ ಹಿಡಿಯುವ ಬ್ರೇಕ್.

ಆದ್ದರಿಂದ ಮೊದಲು ರೋಟರಿನ ಅಳತೆಯನ್ನು ನಿರ್ಧರಿಸಿ. 160 ಮಿ.ಮೀ. ರೋಟರಿನ ಬದಲು 180 ಹಾಕಿದರೆ ಅದೇ ಒತ್ತಡಕ್ಕೆ ತಡೆಯುವ ಬಲ ಸುಮಾರು ಶೇ. 12ರಷ್ಟು, 203 ಹಾಕಿದರೆ ಸುಮಾರು ಶೇ. 27ರಷ್ಟು ಹೆಚ್ಚುತ್ತದೆ, ಜೊತೆಗೆ ಶಾಖ ಚೆಲ್ಲಲು ಲೋಹವೂ ಹೆಚ್ಚು ಸಿಗುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂಚಕ್ರಕ್ಕೆ ದೊಡ್ಡ ರೋಟರ್ ಹಾಕುವುದು ವಾಡಿಕೆ. ಆದರೆ ಫೋರ್ಕ್ ಮತ್ತು ಫ್ರೇಮ್ ಎಷ್ಟು ದೊಡ್ಡ ರೋಟರನ್ನು ತಾಳಬಲ್ಲವು ಎಂಬುದಕ್ಕೆ ತಯಾರಕರು ಗರಿಷ್ಠ ಮಿತಿ ಕೊಟ್ಟಿರುತ್ತಾರೆ, ಅದನ್ನು ದಾಟಬಾರದು. ರೋಟರ್ ಕೂರುವ ಹಬ್ ಆರು ಬೋಲ್ಟಿನದೋ ಸೆಂಟರ್‌ಲಾಕ್ ಮಾದರಿಯದೋ, ಕ್ಯಾಲಿಪರ್ ಕೂರುವ ಜಾಗ ಪೋಸ್ಟ್ ಮೌಂಟೋ ಹಳೆಯ ಐಎಸ್ ಮಾದರಿಯೋ ಎಂಬುದನ್ನೂ ಹಣ ಕೊಡುವ ಮೊದಲೇ ನೋಡಿಕೊಳ್ಳಿ. ಇವು ಹೊಂದದಿದ್ದರೆ ಅಡಾಪ್ಟರ್ ಹುಡುಕುವ ಕೆಲಸ ಬೇರೆ.

ಇನ್ನು ಪಿಸ್ಟನ್. ನಾಲ್ಕು ಪಿಸ್ಟನ್ ಎಂದ ಮಾತ್ರಕ್ಕೆ ಬಲ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಆ ಪಿಸ್ಟನ್‌ಗಳು ಸಾಮಾನ್ಯವಾಗಿ ಚಿಕ್ಕವಿರುತ್ತವೆ. ಲೆಕ್ಕಕ್ಕೆ ಬರುವುದು ಲಿವರ್ ಬುಡದ ಮಾಸ್ಟರ್ ಸಿಲಿಂಡರಿನ ಪಿಸ್ಟನ್‌ಗೂ ಕ್ಯಾಲಿಪರಿನ ಪಿಸ್ಟನ್‌ಗಳಿಗೂ ಇರುವ ವಿಸ್ತೀರ್ಣದ ಅನುಪಾತ. ಮಾಸ್ಟರ್‌ಗೆ ಹೋಲಿಸಿದರೆ ಕ್ಯಾಲಿಪರಿನ ವಿಸ್ತೀರ್ಣ ಹೆಚ್ಚಾದಷ್ಟೂ ಬೆರಳಿನ ಶ್ರಮ ಕಡಿಮೆಯಾಗುತ್ತದೆ, ಆದರೆ ಲಿವರ್ ಅಷ್ಟೇ ಎಳೆದರೂ ಪ್ಯಾಡ್ ಚಲಿಸುವ ದೂರವೂ ಕಡಿಮೆಯಾಗುವುದರಿಂದ ಪ್ಯಾಡ್ ಮತ್ತು ರೋಟರಿನ ನಡುವಿನ ಸಂದು ಕಿರಿದಾಗಿರಬೇಕಾಗುತ್ತದೆ. ರೋಟರ್ ಸ್ವಲ್ಪ ಬಾಗಿದರೂ ಉಜ್ಜುವ ಸದ್ದು ಶುರುವಾಗುತ್ತದೆ. ನಾಲ್ಕು ಪಿಸ್ಟನ್ ಕ್ಯಾಲಿಪರಿನ ನಿಜವಾದ ಲಾಭ ಅದರ ಉದ್ದನೆಯ ಪ್ಯಾಡ್‌ನಲ್ಲಿಯೂ ಶಾಖ ಹೀರುವ ಹೆಚ್ಚಿನ ಲೋಹದಲ್ಲಿಯೂ ಇದೆ. ನಿಮ್ಮ ತೂಕ ಮತ್ತು ನಿಮ್ಮ ಹಾದಿಗೆ ನಾನಾದರೆ, ಫೋರ್ಕ್ ಒಪ್ಪುವುದಾದರೆ, ಮುಂದೆ 203ರ ರೋಟರ್ ಜೊತೆ ನಾಲ್ಕು ಪಿಸ್ಟನ್, ಹಿಂದೆ 180ರ ಜೊತೆ ಅದೇ ತಯಾರಕರ ಎರಡು ಪಿಸ್ಟನ್ ಬ್ರೇಕ್ ಹಾಕುತ್ತೇನೆ. 160ರ ರೋಟರ್ ಇಟ್ಟುಕೊಂಡು ನಾಲ್ಕು ಪಿಸ್ಟನ್ ಕೊಳ್ಳುವುದಕ್ಕಿಂತ, ದೊಡ್ಡ ರೋಟರ್ ಹಾಕಿ ಎರಡು ಪಿಸ್ಟನ್ ಕೊಳ್ಳುವುದು ಜಾಣತನ.

ಕೊಳ್ಳುವ ಮೊದಲು ಲಿವರನ್ನು ಅರ್ಧ ನಿಮಿಷ ಬಿಗಿಯಾಗಿ ಹಿಡಿದುಕೊಂಡು ನೋಡಿ. ಅದು ನಿಧಾನವಾಗಿ ಹ್ಯಾಂಡಲ್ ಕಡೆಗೆ ಜಾರಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ನಾಲ್ಕಾರು ಬಾರಿ ಬೇಗ ಬೇಗ ಒತ್ತಿದಾಗ ಹಿಡಿಯುವ ಜಾಗ ಮುಂದಕ್ಕೆ ಬಂದರೆ ಒಳಗೆ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಇದು ಬ್ಲೀಡ್ ಮಾಡಿದರೆ, ಅಂದರೆ ದ್ರವದೊಳಗಿನ ಗಾಳಿಯನ್ನು ಹೊರಹಾಕಿದರೆ, ಹೋಗುವ ದೋಷ, ಬ್ರೇಕನ್ನೇ ತಿರಸ್ಕರಿಸಬೇಕಾಗಿಲ್ಲ. ಅದರ ಪ್ಯಾಡ್, ಬ್ಲೀಡ್ ಕಿಟ್ ಮತ್ತು ದ್ರವದ ಹೋಸ್ ಜೋಡಿಸುವ ಆಲಿವ್ ಎಂಬ ಚಿಕ್ಕ ಲೋಹದ ಬಳೆಗಳು ನಿಮಗೆ ಸುಲಭವಾಗಿ ಸಿಗುತ್ತವೆಯೇ ಎಂದೂ ವಿಚಾರಿಸಿ. ಎಷ್ಟೇ ಹೊಗಳಿಸಿಕೊಂಡ ಬ್ರೇಕ್ ಆದರೂ ಪ್ಯಾಡ್ ಸಿಗದಿದ್ದರೆ ಅದು ಒಂದು ಮಳೆಗಾಲದ ಸಾಮಾನು.

ಪ್ರಶ್ನೆ: ಮಿನರಲ್ ಆಯಿಲ್ ಮತ್ತು ಡಾಟ್ ದ್ರವ, ಇವೆರಡರಲ್ಲಿ ಯಾವುದರ ಬ್ರೇಕ್ ಹೆಚ್ಚು ಬಾಳಿಕೆ ಬರುತ್ತದೆ? ಡಾಟ್ ಬ್ರೇಕಿಗೆ ಮಿನರಲ್ ಆಯಿಲ್ ತುಂಬಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಎಂದಿಗೂ ತುಂಬಬಾರದು. ಒಂದಕ್ಕೆಂದು ಮಾಡಿದ ರಬ್ಬರ್ ಸೀಲ್ ಇನ್ನೊಂದರಲ್ಲಿ ಊದಿಕೊಂಡು ಕೆಡುತ್ತದೆ, ಆಮೇಲೆ ತೊಳೆದರೂ ಸರಿಹೋಗುವುದಿಲ್ಲ. ಶಿಮಾನೊ ಮತ್ತು ಮಗುರಾ ಬ್ರೇಕುಗಳು ಮಿನರಲ್ ಆಯಿಲ್ ಬಳಸುತ್ತವೆ. ಹೋಪ್ ಡಾಟ್ ಬಳಸುತ್ತದೆ. ಸ್ರ್ಯಾಮ್ ಮತ್ತು ಹೇಯ್ಸ್‌ನಲ್ಲಿ ಎರಡೂ ಬಗೆಯ ಮಾದರಿಗಳಿವೆ. ಆದ್ದರಿಂದ ಹೆಸರು ನೋಡಿ ಊಹಿಸಬೇಡಿ, ಲಿವರಿನ ಮೇಲೆ ಬರೆದಿರುವುದನ್ನು ಓದಿ.

ಡಾಟ್ ದ್ರವ, ಅಂದರೆ ಕಾರುಗಳ ಬ್ರೇಕಿಗೂ ಹಾಕುವ ದ್ರವ, ತೇವಾಂಶವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕೆನ್ನುವುದು ಇದೇ ಕಾರಣಕ್ಕೆ. ಹೆಸರು ಹತ್ತಿರವಿದೆಯೆಂದು ಡಾಟ್ 5 ತಂದು ಸುರಿಯಬೇಡಿ, ಅದು ಸಿಲಿಕೋನ್ ಆಧಾರಿತ ಬೇರೆಯೇ ದ್ರವ. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ, ಬೈಕಿನ ಬಣ್ಣವನ್ನೂ ಕೆಡಿಸುವುದಿಲ್ಲ. ಆದರೆ ಹೇಗೋ ಒಳಹೊಕ್ಕ ನೀರು ಬೆರೆಯದೆ ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ, ಅಂದರೆ ಕ್ಯಾಲಿಪರಿನಲ್ಲಿಯೇ, ನಿಲ್ಲಬಹುದು, ಮತ್ತು ಆ ಹನಿ 100 ಡಿಗ್ರಿಗೆ ಕುದಿಯುತ್ತದೆ. ಸ್ವಂತ ಕೈಯಿಂದ ಬ್ಲೀಡ್ ಮಾಡುವ ಹವ್ಯಾಸಿಗೆ ನಾನು ಮಿನರಲ್ ಆಯಿಲ್ ಬ್ರೇಕನ್ನೇ ಹೇಳುತ್ತೇನೆ, ಚರ್ಮಕ್ಕೆ ತಾಗಿದರೂ ಅಷ್ಟು ಉರಿಸುವುದಿಲ್ಲ ಎಂಬ ಒಂದೇ ಕಾರಣ ಸಾಕು.

ಪ್ರಶ್ನೆ: ಹೊಸ ಹೈಡ್ರಾಲಿಕ್ ಬ್ರೇಕ್ ಹಾಕಿಸಿ ಎರಡು ದಿನವಾಯಿತು. ಕಿರುಚುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ. ಬ್ರೇಕೇ ಕಳಪೆಯದೇ?

ಉತ್ತರ: ಬಹುಶಃ ಅಲ್ಲ. ಹೊಸ ಪ್ಯಾಡ್ ರೋಟರಿನ ಮೇಲೆ ತನ್ನದೊಂದು ತೆಳು ಪದರವನ್ನು ಸಮವಾಗಿ ಹಚ್ಚಿದ ನಂತರವೇ ಪೂರ್ತಿ ಹಿಡಿತ ಬರುತ್ತದೆ. ಸುರಕ್ಷಿತವಾದ ಜಾಗದಲ್ಲಿ ಮಧ್ಯಮ ವೇಗಕ್ಕೆ ಬಂದು, ಚಕ್ರ ಜಾರದಂತೆ ಬಿಗಿಯಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲುವ ಮೊದಲೇ ಬಿಟ್ಟುಬಿಡಿ. ಒಂದೊಂದು ಬ್ರೇಕಿಗೂ ಇಪ್ಪತ್ತು ಬಾರಿ ಹೀಗೆ ಮಾಡಿ. ಆಮೇಲೂ ಕಿರುಚಿದರೆ ಎಣ್ಣೆ ತಗುಲಿದೆಯೇ ನೋಡಿ. ನಾನೇ ಒಮ್ಮೆ ಸರಪಳಿಗೆ ಎಣ್ಣೆ ಸಿಂಪಡಿಸುವಾಗ ಹಿಂದಿನ ರೋಟರಿಗೂ ಹನಿಸಿ, ವಾರಗಟ್ಟಲೆ ಕ್ಯಾಲಿಪರನ್ನು ಬೈದುಕೊಂಡಿದ್ದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಸ್ವಚ್ಛವಾಗುತ್ತದೆ, ಆದರೆ ಎಣ್ಣೆ ಕುಡಿದ ರೆಸಿನ್ (ರಾಳ ಬೆರೆಸಿದ) ಪ್ಯಾಡನ್ನು ಬದಲಾಯಿಸುವುದೇ ಲೇಸು. ಬದಲಿಗೆ ಮೆಟಲ್ ಪ್ಯಾಡ್ ತರುವ ಯೋಚನೆಯಿದ್ದರೆ, ರೋಟರಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೆತ್ತಿದೆಯೇ ಎಂದು ಮೊದಲು ನೋಡಿ. ಅಂಥ ಮೆದು ರೋಟರನ್ನು ಮೆಟಲ್ ಪ್ಯಾಡ್ ಬೇಗ ಸವೆಸುತ್ತದೆ. ಪ್ಯಾಡ್ ತೆಗೆಯಲು ಚಕ್ರ ಕಳಚಿದಾಗ ಲಿವರ್ ಒತ್ತಬೇಡಿ. ಒತ್ತಿದರೆ ಪಿಸ್ಟನ್‌ಗಳು ಹೊರಕ್ಕೆ ಬಂದು ರೋಟರಿಗೆ ಜಾಗವೇ ಉಳಿಯುವುದಿಲ್ಲ. ಬ್ರೇಕಿನ ಜೊತೆ ಬಂದಿರುವ ಪ್ಲಾಸ್ಟಿಕ್ ತುಂಡನ್ನು ಪ್ಯಾಡ್‌ಗಳ ನಡುವೆ ಸಿಕ್ಕಿಸಿಡುವುದು ಅದಕ್ಕಾಗಿಯೇ.